ಗೇಟಿನಾಚೆ ಒಂದು ವಾರ: ಗುಬ್ಬಿಯಿಂದ ಮಾರಿಕುಪ್ಪಂವರೆಗೆ

ಸೋಮವಾರ, ಗುಬ್ಬಿ

ಲೆಂಟ್, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು, ಬಂದರೆ ನಮ್ಮ ತುಮಕೂರಿನ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಒಬ್ಬೊಬ್ಬರು ಒಂದೊಂದನ್ನು ಬಿಡುತ್ತಾರೆ. ಕೆಲವರು ಮಾಂಸ, ಕೆಲವರು ಕಾಫಿ, ಹುಡುಗರು ಮೊಬೈಲ್ ಗೇಮ್. ಈ ಸಲ ನಾವು ಮೂವರು ಒಂದು ವಾರ ಮನೆಯನ್ನೇ ಬಿಡೋಣ ಅಂದುಕೊಂಡೆವು. ಎಲ್ಲೂ ದೊಡ್ಡ ಸಭೆ ನಡೆಸುವುದಿಲ್ಲ, ಮೈಕ್ ಇಲ್ಲ, ಕರಪತ್ರ ಇಲ್ಲ. ಬೆಳಗ್ಗೆ ಎದ್ದು ಬೈಬಲಿನ ಮಾರ್ಕನ ಸುವಾರ್ತೆಯಲ್ಲಿ ಸ್ವಲ್ಪ ಓದುವುದು, ಪ್ರಾರ್ಥನೆ ಮಾಡುವುದು, ಆಮೇಲೆ ಯಾರೂ ನೋಡಲು ಹೋಗದ ಮನೆಗಳಿಗೆ ಹೋಗಿ ಕೂರುವುದು. ಅಷ್ಟೇ. ನಾನು ಟೈಲರಿಂಗ್ ಅಂಗಡಿ ಮುಚ್ಚಿ ಹೊರಟೆ. ಜೊತೆಗೆ ರಿಟೈರ್ ಆದ ನರ್ಸ್ ಒಬ್ಬರು, ನಾವೆಲ್ಲ ನರ್ಸಕ್ಕ ಅಂತಲೇ ಕರೆಯುವುದು. ಇನ್ನೊಬ್ಬ ಬಿ.ಕಾಂ. ಓದುವ ಹುಡುಗ, ಸಂಡೇ ಸ್ಕೂಲಿನಲ್ಲಿ ನನ್ನ ಕೈಕೆಳಗೆ ಬೆಳೆದವನು.

ಮೊದಲು ಗುಬ್ಬಿಗೇ ಹೋಗಬೇಕು ಅಂತ ಹಟ ಹಿಡಿದವಳು ನಾನು. ತುಮಕೂರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ ಚಿಲ್ಲರೆ, ಇದೇನು ಪ್ರವಾಸ ಅಂತ ಹುಡುಗ ಕೇಳಿದ. ಆದರೆ ನಮ್ಮ ಕಡೆಯ ಕ್ರೈಸ್ತರ ಕಥೆ ಅಲ್ಲಿಂದಲೇ ಶುರು. 1837ರಲ್ಲಿ ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಬೆಂಗಳೂರು ಬಿಟ್ಟು ಗುಬ್ಬಿಗೆ ಬಂದು ನೆಲೆಸಿದರು. ಬೆಂಗಳೂರಿನ ದಂಡಿನಲ್ಲಿ ಅವರ ಭಾಷೆಯವರು, ಅವರ ಬಣ್ಣದವರು, ಎಲ್ಲಾ ಇದ್ದರು. ಗುಬ್ಬಿಯಲ್ಲಿ ಇದ್ದದ್ದು ಅಡಿಕೆ ವ್ಯಾಪಾರ, ಸಂತೆ, ಕನ್ನಡ. 1839ರಲ್ಲಿ ವಿಲಿಯಂ ಆರ್ಥರ್ ಎಂಬ ಇಪ್ಪತ್ತು ವರ್ಷದ ಹುಡುಗ ಬಂದು ಸೇರಿಕೊಂಡ. ಎರಡೇ ವರ್ಷಕ್ಕೆ ಕಣ್ಣು ಕೆಟ್ಟು ವಾಪಸ್ ಹೋಗಬೇಕಾಯಿತು. ನಮ್ಮ ಹುಡುಗನಿಗೂ ಇಪ್ಪತ್ತೇ. ಅದನ್ನು ಹೇಳಿದ ಮೇಲೆ ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರು ಆಳುವವರ ಕಡೆಯ ಜನ ಅನ್ನೋದನ್ನು ಮರೆಯಬಾರದು, ಅದನ್ನೂ ಹೇಳಿದೆ. ಆದರೂ ದಂಡಿನಲ್ಲೇ ಇದ್ದುಬಿಡಬಹುದಿತ್ತು, ಅಲ್ವಾ? ಇರಲಿಲ್ಲ.

ಅಂದು ಬೆಳಗ್ಗೆ ಓದಿದ್ದು ಮಾರ್ಕ 1ನೇ ಅಧ್ಯಾಯದ 35ರಿಂದ. ಹಿಂದಿನ ಸಂಜೆ ಕಪೆರ್ನೌಮಿನಲ್ಲಿ ಊರಿಗೆ ಊರೇ ಬಾಗಿಲಿಗೆ ಬಂದಿತ್ತು, ಯೇಸುಸ್ವಾಮಿ ಎಷ್ಟೋ ಕಾಯಿಲೆಯವರನ್ನು ವಾಸಿ ಮಾಡಿದ್ದರು. ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು ಯಾರೂ ಇಲ್ಲದ ಜಾಗಕ್ಕೆ ಹೋಗಿ ಪ್ರಾರ್ಥನೆ ಮಾಡುತ್ತಿದ್ದರು. ಸೀಮೋನ ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಅಂದ. ನಾವಾಗಿದ್ದರೆ ಓಡಿಹೋಗುತ್ತಿದ್ದೆವು, ಅಷ್ಟು ಜನ ಕಾಯುತ್ತಿದ್ದಾರೆ, ಒಳ್ಳೆಯ ಹೆಸರೂ ಬಂದಿದೆ. ಯೇಸುಸ್ವಾಮಿ ಹೇಳಿದ್ದು, ಬೇರೆ ಊರುಗಳಿಗೆ ಹೋಗೋಣ ಬನ್ನಿ, ನಾನು ಬಂದಿರುವುದೇ ಅದಕ್ಕೆ ಅಂತ.

ಬೆಳಗಿನ ಪ್ರಾರ್ಥನೆ ಅಂದರೆ ನಮಗೆಲ್ಲ ಮನಸ್ಸಿಗೆ ಸಮಾಧಾನ ಸಿಗುವ ಹೊತ್ತು. ಕಾಫಿ ಲೋಟ, ಕಿಟಕಿ ಪಕ್ಕ, ಒಂದು ಕೀರ್ತನೆ. ನಾನೂ ಅದನ್ನು ಪ್ರೀತಿಸುತ್ತೇನೆ, ಅದು ಬೇಡ ಅಂತಲ್ಲ. ಆದರೆ ಯೇಸುಸ್ವಾಮಿ ಪ್ರಾರ್ಥನೆಯಿಂದ ಎದ್ದಾಗ ಕಾಲು ಹೊರಟಿದ್ದು ಗೊತ್ತಿಲ್ಲದ ಊರಿನ ಕಡೆಗೆ. ಎಷ್ಟೋ ವರ್ಷ ದಿನಾ ಧ್ಯಾನ ಮಾಡಿಯೂ ನಾವು ಅದೇ ಬೀದಿಯಲ್ಲಿ, ಅದೇ ಜನರ ಜೊತೆ, ಅದೇ ಬೆಂಚಿನ ಮೇಲೆ ಕೂತಿದ್ದೇವೆ ಅಂದರೆ ಆ ಧ್ಯಾನದಲ್ಲಿ ನಾವು ಕೇಳಿಸಿಕೊಳ್ಳುತ್ತಿರುವುದು ಯಾರ ಮಾತನ್ನು? ಈ ವಾರ ಪೂರ್ತಿ ನನ್ನ ತಲೆಯಲ್ಲಿ ಇದ್ದದ್ದು ಇದೊಂದೇ.

ಮಂಗಳವಾರ, ಚಿಕ್ಕಬಳ್ಳಾಪುರ

ತುಮಕೂರಿಗೆ ವಾಪಸ್ ಬಂದು ಕೊರಟಗೆರೆ, ಗೌರಿಬಿದನೂರು ಮೇಲೆ ಚಿಕ್ಕಬಳ್ಳಾಪುರ. ಬಿಸಿಲು ಆಗಲೇ ಜೋರಾಗಿತ್ತು. ರಸ್ತೆ ಪಕ್ಕದ ಹುಣಸೆಮರಗಳನ್ನು ಗಳದಲ್ಲಿ ಬಡಿದು ಹಣ್ಣು ಉದುರಿಸುತ್ತಿದ್ದರು.

ಬಸ್ಸಿನಲ್ಲಿ ಹುಡುಗ ಸತ್ಯವೇದ (ಬೈಬಲ್) ತೆಗೆದು ಓದುತ್ತಾ ಕೂತಿದ್ದ. ಪಕ್ಕದ ಸೀಟಿನ ವಯಸ್ಸಾದ ಯಜಮಾನರು ನೋಡಿ ನೋಡಿ ಕೇಳಿಯೇಬಿಟ್ಟರು, "ಏನಪ್ಪಾ, ಮತಾಂತರಕ್ಕೆ ಹೊರಟಿದ್ದೀರಾ?" ಹುಡುಗನ ಮುಖ ಸಣ್ಣಗಾಯಿತು. ಬಸ್ಸಿನಲ್ಲಿ ನಾಲ್ಕು ಜನ ತಿರುಗಿ ನೋಡಿದರು. ನರ್ಸಕ್ಕ ಮಾತ್ರ ನಗುತ್ತಾ, "ಇಲ್ಲ ಯಜಮಾನ್ರೇ, ನಮ್ಮ ಸಭೆಯ ಕಾಯಿಲೆಯವರು, ವಯಸ್ಸಾದವರು ಅಲ್ಲಲ್ಲಿ ಇದ್ದಾರೆ, ನೋಡ್ಕೊಂಡು ಬರೋಣ ಅಂತ" ಅಂದರು. "ಕಾಯಿಲೆಯವರಾ? ಹಾಗಾದ್ರೆ ನನ್ನ ಮಂಡಿ ನೋಡಮ್ಮ" ಅಂತ ಅವರು ಪಂಚೆ ಸರಿಸಿ ಕಾಲು ಚಾಚಿಯೇಬಿಟ್ಟರು. ನರ್ಸಕ್ಕ ಕೈಯಿಂದ ಒತ್ತಿ ನೋಡಿ, ಊತ ಇದೆ, ಮೆಡಿಕಲ್ ಶಾಪಿನ ಮಾತ್ರೆ ದಿನಾ ನುಂಗಬೇಡಿ, ಮೂಳೆ ಡಾಕ್ಟರ್ ಹತ್ತಿರ ಹೋಗಿ ಅಂತ ಹೇಳಿದರು. ಗೌರಿಬಿದನೂರಿನಲ್ಲಿ ಇಳಿಯುವಾಗ ಅವರು ಟವೆಲ್ಲಿನಲ್ಲಿ ಕಟ್ಟಿದ್ದ ಹುರಿದ ಕಡಲೆಕಾಯಿ ನಮ್ಮ ಮಡಿಲಿಗೆ ಸುರಿದು ಹೋದರು.

ಆ ಪ್ರಶ್ನೆ ಕೇಳಿದ್ದಕ್ಕೆ ಹುಡುಗನಿಗೆ ಬೇಜಾರಾಗಿತ್ತು. ನನಗೆ ಆಗಲಿಲ್ಲ. ಕೇಳಲಿ. ಆಸೆ ತೋರಿಸಿ, ಹೆದರಿಸಿ, ಹಣ ಕೊಟ್ಟು ಯಾರನ್ನಾದರೂ ಕರೆತಂದರೆ ಅದು ಯೇಸುವಿನ ದಾರಿ ಅಲ್ಲವೇ ಅಲ್ಲ, ಅದನ್ನು ನಾವೇ ಜೋರಾಗಿ ಹೇಳಬೇಕು. ಅದೇ ಹೊತ್ತಿಗೆ ಪ್ರಶ್ನೆಗೆ ಹೆದರಿ ಸತ್ಯವೇದವನ್ನು ಬ್ಯಾಗಿನ ಅಡಿಗೆ ತುರುಕುವುದೂ ಬೇಡ. ನೆಟ್ಟಗೆ ಕೂತು, ಕೇಳಿದವರಿಗೆ ಉತ್ತರ ಹೇಳಿ, ಅವರ ಮಂಡಿಯನ್ನೂ ನೋಡಿದರೆ ಸಾಕು.

ಚಿಕ್ಕಬಳ್ಳಾಪುರದಲ್ಲಿ ನೂರು ವರ್ಷಕ್ಕೂ ಹಿಂದೆ ಲಂಡನ್ ಮಿಷನ್ನಿನವರು ಶುರು ಮಾಡಿದ ಆಸ್ಪತ್ರೆ ಇದೆ, ಈಗ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆಸ್ಪತ್ರೆ ಅನ್ನುತ್ತಾರೆ. ನಾವು ಹೋಗಿದ್ದು ಊರ ಅಂಚಿನ ಒಂದು ಮನೆಗೆ. ಹಾಸಿಗೆ ಹಿಡಿದ ಅಜ್ಜಿ. ಮಗ, ಸೊಸೆ ಇಬ್ಬರೂ ಕೂಲಿಗೆ ಹೋದರೆ ಸಂಜೆವರೆಗೆ ಒಬ್ಬರೇ. ಒಳಗೆ ಕಾಲಿಡುವಾಗ ವಾಸನೆ ತಡೆಯಲಾಗದಷ್ಟಿತ್ತು, ಸುಳ್ಳು ಹೇಳುವುದಿಲ್ಲ. ನಾನು ಪ್ರಾರ್ಥನೆ ಶುರು ಮಾಡೋಣ ಅಂತ ಇದ್ದೆ. ನರ್ಸಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಮೊದಲು ನೀರು ಕಾಯಿಸು" ಅಂದರು. ಅಜ್ಜಿಗೆ ಮೈ ಒರೆಸಿ, ಹಾಸಿಗೆ ಬದಲಾಯಿಸಿ, ಬೆನ್ನ ಮೇಲಿನ ಹುಣ್ಣಿಗೆ ಔಷಧಿ ಹಾಕಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ ದಾಟಿತು. ಆಮೇಲೆ ಅಜ್ಜಿಯೇ ಪ್ರಾರ್ಥನೆ ಮಾಡಿದರು, ನಮ್ಮ ಮೂವರ ಹೆಸರು ಕೇಳಿ ಕೇಳಿ ತಿಳಿದುಕೊಂಡು.

ಅಂದಿನ ಓದು ಕುಷ್ಠರೋಗಿಯದು. ಮಾರ್ಕನು ಬರೆಯುವ ಪ್ರಕಾರ ಯೇಸುಸ್ವಾಮಿ ಕೈಚಾಚಿ ಅವನನ್ನು ಮುಟ್ಟಿದರು. ಯಾರೂ ಮುಟ್ಟದವನನ್ನು, ವಾಸಿಯಾಗುವುದಕ್ಕೆ ಮುಂಚೆ. ಕಥೆಯ ಕೊನೆ ನೋಡಿ: ಊರ ಹೊರಗೆ ಇರಬೇಕಿದ್ದ ರೋಗಿ ಊರೊಳಗೆ ಹೋಗಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾನೆ, ಯೇಸುಸ್ವಾಮಿ ಊರೊಳಗೆ ಬರಲಾರದೆ ಹೊರಗೆ ನಿಲ್ಲುತ್ತಾರೆ. ಜಾಗ ಅದಲುಬದಲಾಯಿತು. ಮುಟ್ಟುವುದಕ್ಕೆ ಒಂದು ಬೆಲೆ ಇದೆ, ಅದನ್ನು ಮುಟ್ಟಿದವರೇ ಕೊಡಬೇಕು.

ಬುಧವಾರ, ಚಿಂತಾಮಣಿ ದಾರಿಯಲ್ಲಿ

ಶಿಡ್ಲಘಟ್ಟ ದಾಟಿ ಚಿಂತಾಮಣಿ ಕಡೆಯ ಒಂದು ಹಳ್ಳಿ, ಹೆಸರು ಬೇಡ. ಊರಿಂದ ಸ್ವಲ್ಪ ದೂರದಲ್ಲಿ ಕಾಲೋನಿ. ಅಲ್ಲಿನ ಒಂದು ಕುಟುಂಬ ನಮ್ಮ ಸಭೆಯವರಿಗೆ ದೂರದ ನೆಂಟರು. ಗಂಡ ಹೆಂಡತಿ ಇಬ್ಬರೂ ಟೊಮೆಟೊ ತೋಟಗಳಲ್ಲಿ ಕೆಲಸ ಮಾಡುತ್ತಾರೆ. ಕಟ್ಟುವುದು, ಬಿಡಿಸುವುದು, ಕ್ರೇಟಿಗೆ ತುಂಬುವುದು. ರೇಟು ಬಿದ್ದರೆ ತೋಟದವರು ಬಿಡಿಸುವುದನ್ನೇ ನಿಲ್ಲಿಸುತ್ತಾರೆ, ಇವರಿಗೆ ಅಂದಿನ ಕೂಲಿ ಇಲ್ಲ.

ಆ ತಾಯಿ ಮುದ್ದೆ, ಸೊಪ್ಪಿನ ಸಾರು ಮಾಡಿಟ್ಟಿದ್ದರು. ತಟ್ಟೆ ಇಡುವ ಮುಂಚೆ ಬಾಗಿಲ ಹತ್ತಿರ ನಿಂತು ಕೇಳಿದರು, "ನಮ್ಮನೇಲಿ ಊಟ ಮಾಡ್ತೀರಾ?" ಮಾಡ್ತೀವಿ ಅಂದೆವು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದರು. ನಾವೂ ಕ್ರೈಸ್ತರು, ಅವರೂ ಕ್ರೈಸ್ತರು. ಒಂದೇ ರೊಟ್ಟಿ, ಒಂದೇ ಪಾತ್ರೆ ಅಂತ ಪ್ರಭು ಭೋಜನದಲ್ಲಿ ಹೇಳುತ್ತೇವೆ. ಹಾಗಿದ್ದೂ ಆ ತಾಯಿ ಎರಡು ಸಲ ಕೇಳಬೇಕಾಯಿತು ಅಂದರೆ ಮುಂಚೆ ಯಾರೋ ಬಂದು ಊಟ ಮಾಡದೆ ಎದ್ದು ಹೋಗಿದ್ದಾರೆ ಅಂತ ತಾನೇ ಅರ್ಥ? ಹಾಗೆ ಹೋದವರು ಪ್ರಾರ್ಥನೆ ಮಾಡಿಯೇ ಹೋಗಿರುತ್ತಾರೆ, ಅದೇ ನನಗೆ ಹೆಚ್ಚು ನೋವು.

ನಮ್ಮ ಸಭೆಗಳಲ್ಲಿ ಜಾತಿ ಇಲ್ಲ ಅನ್ನುತ್ತೇವೆ. ಮದುವೆ ಮಾತು ಬಂದಾಗ ಗೊತ್ತಾಗುತ್ತದೆ. ಸಮಾಧಿ ಜಾಗದ ಮಾತು ಬಂದಾಗ ಗೊತ್ತಾಗುತ್ತದೆ. ಸುಂಕ ವಸೂಲಿ ಮಾಡುವ ಲೇವಿಯ ಮನೆಯಲ್ಲಿ ಯೇಸುಸ್ವಾಮಿ, ಜನ ದೂರ ಇಟ್ಟಿದ್ದ ಸುಂಕದವರ ಜೊತೆ ಊಟಕ್ಕೆ ಕೂತದ್ದನ್ನು ಅಂದು ಬೆಳಗ್ಗೆ ತಾನೇ ಓದಿದ್ದೆವು. ಅವರಿಗೆ ಉಪದೇಶ ಮಾಡಲು ಬೇರೆ ಜಾಗ ಸಿಗುತ್ತಿರಲಿಲ್ಲವಾ? ಸಿಗುತ್ತಿತ್ತು. ಮನೆಗೆ ಹೋಗಿ ತಟ್ಟೆಗೆ ಕೈಹಾಕಿದ್ದಕ್ಕೇ ಶಾಸ್ತ್ರಿಗಳಿಗೆ ಸಿಟ್ಟು ಬಂದದ್ದು. ನಾವು ಎರಡನೇ ಮುದ್ದೆ ಹಾಕಿಸಿಕೊಂಡೆವು. ಹುಡುಗ ಮೂರು ತಿಂದ.

ಸಂಜೆ ಕೋಲಾರ.

ಗುರುವಾರ, ಕೋಲಾರ

ಕೋಲಾರದ ಮಿಷನ್ ಕಾಂಪೌಂಡ್ ನೋಡುವಾಗ ನರ್ಸಕ್ಕನಿಗೆ ಗಂಟಲು ಕಟ್ಟಿತು. ಅವರು ತರಬೇತಿ ಪಡೆದದ್ದು ಇಲ್ಲಿನ ಇಟಿಸಿಎಂ ಆಸ್ಪತ್ರೆಯಲ್ಲಿ. 1910ರಲ್ಲಿ ಮೆಥೊಡಿಸ್ಟ್ ಮಿಷನ್ನಿನವರು ಕಟ್ಟಿದ್ದು.

ಅದಕ್ಕೂ ಹಿಂದಿನ ಕಥೆ ನನಗೆ ಜಾಸ್ತಿ ಮುಖ್ಯ. 1876ರಿಂದ 78ರವರೆಗೆ ಬಿದ್ದ ಬರ, ಹಳಬರು ಧಾತು ಈಶ್ವರ ಬರ ಅನ್ನುತ್ತಿದ್ದದ್ದು. ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನ ಸತ್ತರು. ಆಗ ಲೂಯಿಸಾ ಆನ್‌ಸ್ಟಿ ಎಂಬ ಇಂಗ್ಲಿಷ್ ಹೆಣ್ಣುಮಗಳು ಕೋಲಾರದಲ್ಲಿ ಅಪ್ಪ ಅಮ್ಮ ಇಲ್ಲದ ಮಕ್ಕಳನ್ನು ಸೇರಿಸಿಕೊಂಡು ಸಾಕಿದರು. 1890ರಲ್ಲಿ ಆ ಕೆಲಸವನ್ನು ಅಮೆರಿಕದ ಮೆಥೊಡಿಸ್ಟರಿಗೆ ಒಪ್ಪಿಸಿದರು. ಕೋಲಾರದ ಎಷ್ಟೋ ಕ್ರೈಸ್ತ ಮನೆತನಗಳ ಬೇರು ಆ ಬರದ ಮಕ್ಕಳಲ್ಲಿದೆ ಅಂತ ಇಲ್ಲಿನ ಹಿರಿಯರು ಹೇಳುತ್ತಾರೆ.

ಆಗ ಗೋಡೆ ಬೇಕಿತ್ತು. ಮನೆಯಿಂದ ಹೊರಹಾಕಿಸಿಕೊಂಡವರು, ಹಸಿದ ಮಕ್ಕಳು, ಅವರಿಗೆ ಒಂದು ಗೇಟು, ಒಂದು ಬಾವಿ, ಒಂದು ಶಾಲೆ ಬೇಕಿತ್ತು. ಈಗ ಅದೇ ಗೋಡೆಯೊಳಗೆ ನಾವು ಹಾಯಾಗಿದ್ದೇವೆ. ಹೊರಗೆ ಇರುವವರು ಯಾರು ಅಂತ ನೋಡಲೂ ಹೋಗುವುದಿಲ್ಲ. ಕಾಂಪೌಂಡ್ ಇಲ್ಲದ ಊರಿನಲ್ಲೂ ನಮ್ಮ ಸುತ್ತ ಕಾಂಪೌಂಡ್ ಕಟ್ಟಿಕೊಂಡಿದ್ದೇವೆ. ನಮ್ಮವರದೇ ವಾಟ್ಸಾಪ್ ಗುಂಪು, ನಮ್ಮವರದೇ ಹಾಡು, ನಮ್ಮವರದೇ ಮದುವೆ ಊಟ. ಗುರುವಾರ ಮಾರ್ಕನನ್ನು ಪಕ್ಕಕ್ಕಿಟ್ಟು ಇಬ್ರಿಯರಿಗೆ ಬರೆದ ಪತ್ರಿಕೆಯ 13ನೇ ಅಧ್ಯಾಯ ಓದಿದೆವು. ಯೇಸುಸ್ವಾಮಿ ಬಾಧೆಪಟ್ಟದ್ದು ಪಟ್ಟಣದ ಬಾಗಿಲಿನ ಹೊರಗೆ, ಆದ್ದರಿಂದ ನಾವೂ ಪಾಳೆಯದ ಹೊರಗೆ ಅವರ ಹತ್ತಿರ ಹೋಗೋಣ ಅಂತ ಅಲ್ಲಿದೆ. ಅವರು ಇರುವುದೇ ಹೊರಗೆ ಅಂದಮೇಲೆ ಒಳಗೆ ಕೂತು ಎಷ್ಟು ಕರೆದರೇನು?

ಮಧ್ಯಾಹ್ನ ಕೇಳಿಕೊಂಡು ವಾರ್ಡಿಗೆ ಹೋದೆವು. ಮುಳಬಾಗಿಲು ಕಡೆಯ ಒಬ್ಬ ಮುದುಕಿಗೆ ನರ್ಸಕ್ಕ, ಪ್ರಾರ್ಥನೆ ಮಾಡಲಾ ಅಮ್ಮ ಅಂದರು. ಬೇಡಮ್ಮ ಅಂದರು ಅವರು, ನಮ್ಮ ದೇವರು ನಮಗಿದ್ದಾನೆ, ನಿನ್ನ ಫೋನಿಂದ ನನ್ನ ಮಗನಿಗೆ ಒಂದು ಮಾತು ಹೇಳಿಸು. ಹುಡುಗ ಫೋನ್ ಹಚ್ಚಿಕೊಟ್ಟ. ಮಗ ಹೊಸಕೋಟೆಯಲ್ಲಿ ಕೆಲಸದಲ್ಲಿದ್ದ. ಸಂಜೆ ಬರುತ್ತೇನೆ ಅಂದ. ಮುದುಕಿ ಹುಡುಗನ ಕೈಹಿಡಿದು ಬಿಡಲೇ ಇಲ್ಲ. ಮಗ ಬರುವವರೆಗೂ ಅವನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದ.

ಶುಕ್ರವಾರ, ಕೆಜಿಎಫ್

ಬಂಗಾರಪೇಟೆಯಲ್ಲಿ ರೈಲು ಬದಲಾಯಿಸಬೇಕು. ಹುಡುಗನಿಗೆ ಅಲ್ಲಿನ ಪಾನಿಪುರಿ ತಿನ್ನುವ ಆಸೆ, ಬೆಳಗ್ಗೆ ಎಲ್ಲಿ ಸಿಗುತ್ತೆ. ಅಲ್ಲಿಂದ ಕವಲು ದಾರಿ ಮಾರಿಕುಪ್ಪಂವರೆಗೆ ಹೋಗಿ ನಿಲ್ಲುತ್ತದೆ, ಮುಂದೆ ಹಳಿ ಇಲ್ಲ. ಕಿಟಕಿಯಿಂದ ಮೊದಲು ಕಾಣುವುದು ಬೂದು ಬಣ್ಣದ ದಿಬ್ಬಗಳು. ಚಿನ್ನ ತೆಗೆದು ಮಿಕ್ಕ ಪುಡಿ. ಸೈನೈಡ್ ದಿಬ್ಬ ಅನ್ನುತ್ತಾರೆ. ಗಾಳಿ ಬೀಸಿದರೆ ಆ ಧೂಳೇ ಮನೆಯೊಳಗೆ.

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕೆಲಸ ಶುರು ಮಾಡಿತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟ್ ಬಂತು, ಬೆಂಗಳೂರಿನ ಬೀದಿಗಳಿಗಿಂತ ಮೊದಲು. ನೆಲದೊಳಗೆ 3 ಕಿಲೋಮೀಟರಿಗಿಂತ ಆಳ ಇಳಿದು ಜನ ಕೆಲಸ ಮಾಡಿದರು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಊರು ಉಳಿಯಿತು. ಗಣಿ ಕೆಲಸಗಾರರ ಲೈನ್ ಮನೆಗಳು ಉಳಿದವು. ಕೆಲಸ ಉಳಿಯಲಿಲ್ಲ.

ಇಲ್ಲಿ ತಮಿಳು ಜಾಸ್ತಿ. ನಮಗೆ ಬರುವ ತಮಿಳು ಅಷ್ಟಕ್ಕಷ್ಟೆ. ಕನ್ನಡ ಸಭೆಯವರು ತಮಿಳು ಸಭೆಗೆ ಹೋಗುವುದು, ಅವರು ನಮ್ಮಲ್ಲಿಗೆ ಬರುವುದು, ಅಪರೂಪ. ಒಂದೇ ಊರಿನಲ್ಲಿದ್ದರೂ. ಬೆಳಗ್ಗೆ ಓದಿದ್ದು ಮಾರ್ಕ 4ರ ಕೊನೆ, 5ರ ಶುರು. ಆಚೇ ದಡಕ್ಕೆ ಹೋಗೋಣ ಅಂತ ಯೇಸುಸ್ವಾಮಿ ಹೇಳಿದ್ದು, ಬಿರುಗಾಳಿ ಎದ್ದದ್ದು, ದಾಟಿ ಹೋದರೆ ಅಲ್ಲಿ, ಗೆರಸೇನರ ಸೀಮೆಯಲ್ಲಿ, ದೆವ್ವ ಹಿಡಿದು ಸಮಾಧಿಗಳ ನಡುವೆ ಬದುಕುವ ಒಬ್ಬನೇ ಒಬ್ಬ ಮನುಷ್ಯ. ಅಲ್ಲಿ ಹಂದಿ ಸಾಕುತ್ತಿದ್ದರು, ಯೆಹೂದ್ಯನಿಗೆ ಕಾಲಿಡಲೂ ಮುಜುಗರದ ಸೀಮೆ. ಬಿರುಗಾಳಿ ದಾಟಿದ್ದು ಆ ಒಬ್ಬನಿಗಾಗಿ. ಅವನು ವಾಸಿಯಾದ ಮೇಲೆ, ಅವನನ್ನು ಬಿಟ್ಟ ದೆವ್ವಗಳು ಹೊಕ್ಕು 2000 ಹಂದಿ ನೀರಿಗೆ ಬಿದ್ದು ಹೋದವು ಅಂತ ಊರಿನವರು ಯೇಸುಸ್ವಾಮಿಯನ್ನೇ ಹೊರಟುಹೋಗು ಅಂದರು.

ನಾವು ಹೋದ ಮನೆಯಲ್ಲಿ ಗಣಿಯಲ್ಲಿ ದುಡಿದ ತಾತ ಇದ್ದರು. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಇಳಿದಿದೆ, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ತಾತ ತಮಿಳಿನಲ್ಲಿ ಹೇಳುವುದು, ಮೊಮ್ಮಗಳು ಕನ್ನಡದಲ್ಲಿ ಹೇಳುವುದು. ಕೆಳಗಿನ ಬಿಸಿಯ ಬಗ್ಗೆ ಹೇಳಿದರು, ಬಂಡೆ ಸಿಡಿಯುವ ಸದ್ದಿನ ಬಗ್ಗೆ ಹೇಳಿದರು. ಗಣಿಗೆ ಇಳಿಯುವಾಗ ಲಿಫ್ಟಿನ ಪಂಜರದೊಳಗೆ ನಿಂತು 23ನೇ ಕೀರ್ತನೆ ಹೇಳಿಕೊಳ್ಳುತ್ತಿದ್ದರಂತೆ. ಕತ್ತಲೆಯ ಕಣಿವೆಯಲ್ಲಿ ನಡೆದರೂ ಹೆದರುವುದಿಲ್ಲ ಅನ್ನುವ ಮಾತನ್ನು ನಾನು ಎಷ್ಟೋ ಸಲ ಓದಿದ್ದೇನೆ, ಬೇರೆಯವರಿಗೂ ಓದಿ ಹೇಳಿದ್ದೇನೆ. ಅದನ್ನು ದಿನಾ ಕತ್ತಲೆಗೆ ಇಳಿಯುತ್ತಾ ಹೇಳಿದವರ ಎದುರು ಕೂತದ್ದು ಇದೇ ಮೊದಲು. ಓದಿ ಅಂದರು. ನಾನು ಕನ್ನಡದಲ್ಲಿ ಓದಿದೆ, ಅವರು ನೋಡದೇ ತಮಿಳಿನಲ್ಲಿ ಹೇಳುತ್ತಾ ಬಂದರು. ಮಧ್ಯೆ ಕೆಮ್ಮು ಬಂದರೆ ಕಾಯುವುದು.

ಅವರ ಮನೆಯಲ್ಲಿ ಒಂದು ಹಳೆಯ ಹೊಲಿಗೆ ಮಿಷನ್ ಇತ್ತು, ದಾರ ಪದೇ ಪದೇ ಕಿತ್ತುಹೋಗುತ್ತಿತ್ತು. ಬಿಚ್ಚಿ, ಬಾಬಿನ್ ಕೇಸಿನಲ್ಲಿದ್ದ ಕಸ ತೆಗೆದು, ಎಣ್ಣೆ ಬಿಟ್ಟು, ಸೂಜಿ ಬದಲಾಯಿಸಿ ಕೊಟ್ಟೆ. ಸೊಸೆಗೆ ಆದ ಖುಷಿ ಹೇಳತೀರದು. ರಾತ್ರಿ ಅಲ್ಲೇ ಉಳಿಯಿರಿ ಅಂದರು. ಒಂದೇ ರೂಮು, ಏಳು ಜನ. ಉಳಿದೆವು.

ಶನಿವಾರ, ರೈಲಿನಲ್ಲಿ

ಆ ಸೊಸೆ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುತ್ತಾರೆ. ದಿನಾ. ಸುಮಾರು ನೂರು ಕಿಲೋಮೀಟರ್ ಹೋಗುವುದು, ನೂರು ಬರುವುದು. ಮಾರಿಕುಪ್ಪಂನಿಂದ ಬೆಳಗಿನ ಜಾವ ಹೊರಡುವ ರೈಲಿಗೆ ನಾವೂ ಅವರ ಜೊತೆ ಹತ್ತಿದೆವು. ಹೊರಗೆ ಕತ್ತಲು. ಬೋಗಿಯ ತುಂಬ ಜನ. ಟಿಫನ್ ಡಬ್ಬಿ, ಐಡಿ ಕಾರ್ಡು, ಹೂವು ಮುಡಿದ ತಲೆಗಳು, ನಿದ್ದೆಗಣ್ಣು.

ರೈಲು ಹೊರಟ ಸ್ವಲ್ಪ ಹೊತ್ತಿಗೆ ಅವರೂ ಇನ್ನು ನಾಲ್ಕೈದು ಹೆಂಗಸರೂ ತಲೆಗೆ ಸೆರಗು ಹಾಕಿಕೊಂಡರು. ಒಬ್ಬರು ಮೊಬೈಲಿನಲ್ಲಿ ಅಂದಿನ ಭಾಗ ಓದಿದರು. ಒಬ್ಬರು ಮೆಲ್ಲಗೆ ಹಾಡು ಎತ್ತಿದರು. ಆಮೇಲೆ ಪ್ರಾರ್ಥನೆ: ಸೂಪರ್‌ವೈಸರ್ ಬೈಯದಿರಲಿ, ಮಗನ ಫೀಸು, ಯಾರದೋ ಗರ್ಭ ನಿಲ್ಲಲಿ, ಪಕ್ಕದ ಸೀಟಿನ ಮುಸ್ಲಿಂ ಅಕ್ಕನ ತಾಯಿಗೆ ಆಪರೇಷನ್. ಆ ಅಕ್ಕ ತಾನೇ ಕೇಳಿಕೊಂಡದ್ದು. ಬಂಗಾರಪೇಟೆ ಬರುವಷ್ಟರಲ್ಲಿ ಮುಗಿಯಿತು, ಅಲ್ಲಿ ನುಗ್ಗುವ ಜನಕ್ಕೆ ಸರಿದು ಕೂರಬೇಕು.

ಇವರಿಗೆ ಕಿಟಕಿ ಪಕ್ಕದ ಕುರ್ಚಿ ಇಲ್ಲ, ಕಾಫಿ ಲೋಟ ಇಲ್ಲ, ಸದ್ದಿಲ್ಲದ ಜಾಗವೇ ಇಲ್ಲ. ಸಮಯ ಇಲ್ಲ ಅದಕ್ಕೇ ದಿನಾ ಓದಲಾಗುವುದಿಲ್ಲ ಅಂತ ನಮ್ಮ ಸಭೆಯಲ್ಲಿ ಹೇಳುವವರನ್ನು ಒಮ್ಮೆ ಈ ಬೋಗಿಗೆ ಕರೆತರಬೇಕು, ಬೈಯುವುದಕ್ಕಲ್ಲ, ತೋರಿಸುವುದಕ್ಕೆ. ಈ ಹೆಂಗಸರ ಪ್ರಾರ್ಥನೆಗೂ ಪಕ್ಕದ ಸೀಟಿಗೂ ನಡುವೆ ಗೋಡೆಯೇ ಇಲ್ಲ. ನಾವು ಹುಡುಕಿಕೊಂಡು ಹೊರಟ ಹೊರಗಿನ ಜಾಗದಲ್ಲಿ ಅವರು ದಿನಾ ಇದ್ದಾರೆ.

ಬೆಂಗಳೂರಿನಲ್ಲಿ ಇಳಿದು ತುಮಕೂರು ರೈಲು ಹಿಡಿದೆವು. ಹುಡುಗ ಗೆರಸೇನರ ಕಥೆಯ ಉಳಿದ ಭಾಗ ಓದಿದ. ಯೇಸುಸ್ವಾಮಿ ದೋಣಿ ಹತ್ತುವಾಗ ವಾಸಿಯಾದವನು ನಾನೂ ನಿನ್ನ ಜೊತೆ ಬರುತ್ತೇನೆ ಅಂತ ಬೇಡಿಕೊಂಡ. ಯೇಸುಸ್ವಾಮಿ ಬೇಡ ಅಂದರು. ನಿನ್ನ ಮನೆಗೆ, ನಿನ್ನವರ ಹತ್ತಿರ ಹೋಗು, ಕರ್ತನು ನಿನಗೆ ಮಾಡಿದ್ದನ್ನು ಹೇಳು ಅಂದರು. ಶಿಷ್ಯರಿಗೆ ಮನೆ ಬಿಟ್ಟು ಬನ್ನಿ, ಇವನಿಗೆ ಮನೆಗೆ ಹೋಗು. ಇವನಿಗೆ ಮನೆಯೇ ಕಷ್ಟದ ಜಾಗ ಅಂತ ಕಾಣುತ್ತದೆ. ಸರಪಣಿ ಹಾಕಿ ಕಟ್ಟಿದ್ದ ಜನ ಅವರೇ ಅಲ್ವಾ?

ಭಾನುವಾರ, ತುಮಕೂರು

ಆರಾಧನೆ ಮುಗಿದ ಮೇಲೆ ನಮ್ಮ ಪಾಸ್ಟರ್ ಅಯ್ಯನವರು ಎರಡು ಮಾತು ಹೇಳಿ ಅಂದರು. ನರ್ಸಕ್ಕ ಹೇಳಿದ್ದು ಎರಡೇ: ಚಿಕ್ಕಬಳ್ಳಾಪುರದ ಅಜ್ಜಿಗೆ ನೀರು ತುಂಬಿದ ಹಾಸಿಗೆ ಬೇಕು, ಬೆನ್ನಿನ ಹುಣ್ಣಿಗೆ. ತಾತನಿಗೆ ಔಷಧಿಗೆ ಪ್ರತಿ ತಿಂಗಳು ಹಣ ಬೇಕು. ಕೂತಲ್ಲೇ ಹಾಸಿಗೆಗೆ ದುಡ್ಡು ಕೂಡಿತು. ಹುಡುಗನೂ ಅವನ ಗೆಳೆಯರೂ ತಿಂಗಳಿಗೊಮ್ಮೆ ಕೆಜಿಎಫ್‌ಗೆ ಹೋಗಿ ಔಷಧಿ ಕೊಟ್ಟು ಬರುತ್ತಾರಂತೆ.

ನಮ್ಮ ಬೀದಿಯಲ್ಲಿ ಬೆಳಗ್ಗೆ ಕಸದ ಗಾಡಿ ಜೊತೆ ಬರುವ ಹೆಂಗಸು ಒಬ್ಬರಿದ್ದಾರೆ. ಅಂಗಡಿಯ ಬಟ್ಟೆ ಚೂರು ತೆಗೆದುಕೊಂಡು ಹೋಗುವಾಗ ಹಬ್ಬಕ್ಕೆ ಮನೆಗೆ ಬಾರಕ್ಕಾ ಅಂತ ಕರೆಯುತ್ತಲೇ ಇರುತ್ತಾರೆ. ಮಧ್ಯಾಹ್ನ ನಾನೂ ನಮ್ಮ ಮನೆಯವರೂ ಅವರ ಕಾಲೋನಿಗೆ ಹೋದೆವು. ಕಸದ ಜೊತೆ ಒಡೆದ ಗಾಜು ಹಾಕುತ್ತಾರೆ, ಕೈ ಕುಯ್ಯುತ್ತದೆ ಅಂತ ಅಂಗೈ ತೋರಿಸಿದರು. ನಮ್ಮ ಬೀದಿಯ ಮನೆಮನೆಗೆ ಹೋಗಿ ಗಾಜು ಬೇರೆ ಕಟ್ಟಿ ಕೊಡಿ ಅಂತ ಹೇಳುವುದು ಈ ವಾರದ ನನ್ನ ಕೆಲಸ. ಊಟ ಮಾಡಿಕೊಂಡೇ ಬಂದೆವು. ಮುಂದಿನ ಭಾನುವಾರ ಅವರು ಮಕ್ಕಳನ್ನು ಕರೆದುಕೊಂಡು ನಮ್ಮ ಮನೆಗೆ ಬರುತ್ತಾರೆ.